ತೂಕ ಅಷ್ಟೇ ಇದೆ, ತೋಳು ಮಾತ್ರ ಸಣ್ಣಗಾಗಿದೆ: ಡಯಾಲಿಸಿಸ್‌ನಲ್ಲಿ ಇರುವವರು ಸ್ನಾಯು ಮತ್ತು ನಿದ್ದೆ ಉಳಿಸಿಕೊಳ್ಳುವ ಬಗೆ

ಅಪ್ಪನ ಕೈಗಡಿಯಾರದ ಮಾತಿನಿಂದ ಶುರು ಮಾಡುತ್ತೇನೆ. ಅವರಿಗೆ ಡಯಾಲಿಸಿಸ್ ಶುರುವಾಗಿ ಒಂದು ವರ್ಷ ದಾಟಿತ್ತು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಮುಗಿಸಿ ತೂಕದ ಯಂತ್ರದ ಮೇಲೆ ನಿಂತರೆ 58 ಕಿಲೋ. ಪ್ರತಿ ಸಲವೂ ಅಷ್ಟೇ. ತೂಕ ಇಳಿದಿಲ್ಲ ಅಂತ ಮನೆಯವರೆಲ್ಲ ನೆಮ್ಮದಿಯಾಗಿದ್ದೆವು. ಒಂದು ದಿನ ಅವರು ಕಪಾಟಿನ ಮೇಲಿನ ಡಬ್ಬಿ ತೆಗೆಯಲು ಕೈ ಎತ್ತಿದರು. ಮಣಿಕಟ್ಟಿನಲ್ಲಿದ್ದ ಗಡಿಯಾರ ಸರ್ರನೆ ಜಾರಿ ಮೊಣಕೈ ಹತ್ತಿರ ಬಂದು ನಿಂತಿತು. ಪಟ್ಟಿಯನ್ನು ಕೊನೆಯ ತೂತಿಗೆ ಹಾಕಿದ್ದರೂ ಸಡಿಲ.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಕುರ್ಚಿಯಿಂದ ಏಳುವಾಗ ಎರಡೂ ಕೈ ಊರುತ್ತಿದ್ದರು. ರಾತ್ರಿ ಎರಡು ಗಂಟೆಗೆ ಎದ್ದು ಮನೆಯೊಳಗೇ ಅತ್ತಿಂದಿತ್ತ ನಡೆಯುತ್ತಿದ್ದರು. ಕೇಳಿದರೆ "ಏನಿಲ್ಲ, ನಿದ್ದೆ ಬರ್ತಿಲ್ಲ" ಅನ್ನುತ್ತಿದ್ದರು. ಸ್ನಾಯು ಕರಗಿದ ಜಾಗದಲ್ಲಿ ನೀರು ಸೇರಿಕೊಂಡಿತ್ತು. ಮೈಯಲ್ಲಿ ಮಾಂಸ ಎಷ್ಟು, ನೀರು ಎಷ್ಟು ಅಂತ ತೂಕದ ಯಂತ್ರಕ್ಕೆ ಗೊತ್ತಾಗುವುದಿಲ್ಲ ಅಲ್ವಾ?

ನಾನು ಡಾಕ್ಟರ್ ಅಲ್ಲ. ಡಯಾಲಿಸಿಸ್ ಕುರ್ಚಿಯ ಪಕ್ಕ ವರ್ಷಗಟ್ಟಲೆ ಕೂತು, ಕೇಳಿ, ಓದಿ ಕಲಿತವಳು. ಮಾತ್ರೆ ಬದಲಿಸುವುದು, ನೀರಿನ ಲೆಕ್ಕ ಬದಲಿಸುವುದು ನಿಮ್ಮ ಕಿಡ್ನಿ ಡಾಕ್ಟರ ಕೆಲಸ. ಆದರೆ ಗಮನಿಸುವುದು, ಬರೆದಿಡುವುದು, ಸರಿಯಾದ ಪ್ರಶ್ನೆ ಕೇಳುವುದು ನಮ್ಮ ಕೈಯಲ್ಲೇ ಇದೆ. ನಮ್ಮ ಮನೆಯಲ್ಲಿ ಇದು ತಡವಾಯಿತು. ನಿಮ್ಮಲ್ಲಿ ತಡವಾಗಬಾರದು ಅಂತ ಬರೆಯುತ್ತಿದ್ದೇನೆ.

ಸ್ನಾಯು ಯಾಕೆ ಕರಗುತ್ತದೆ, ಅದಕ್ಕೂ ನಿದ್ದೆಗೂ ಏನು ಸಂಬಂಧ

ಯಂತ್ರದ ಮೂಲಕ ರಕ್ತ ಶುದ್ಧ ಮಾಡುವ ಹಿಮೋಡಯಾಲಿಸಿಸ್‌ನಲ್ಲಿ ಒಂದು ಸಲಕ್ಕೆ ಕಸದ ಜೊತೆಗೆ ಸುಮಾರು 6ರಿಂದ 12 ಗ್ರಾಂ ಅಮೈನೋ ಆಮ್ಲಗಳೂ ಹೊರಗೆ ಹೋಗುತ್ತವೆ. ಪ್ರೋಟೀನ್ ಕಟ್ಟುವ ಇಟ್ಟಿಗೆಗಳು ಇವೇ. ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ದಿನಕ್ಕೆ 5ರಿಂದ 15 ಗ್ರಾಂ ಪ್ರೋಟೀನ್ ಸೋರಿಹೋಗುತ್ತದೆ. ಅದರ ಮೇಲೆ ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಆಮ್ಲ ಜಾಸ್ತಿಯಾಗುತ್ತದೆ, ಆಮ್ಲ ಜಾಸ್ತಿಯಾದರೆ ದೇಹ ಸ್ನಾಯುವನ್ನು ಒಡೆಯುತ್ತದೆ. ಬಾಯಿರುಚಿ ಕೆಟ್ಟು ಊಟ ಸೇರುವುದಿಲ್ಲ. ವಾರಕ್ಕೆ 12 ಗಂಟೆ ಕುರ್ಚಿಯಲ್ಲೇ ಮಲಗಿರಬೇಕು, ಮನೆಗೆ ಬಂದ ಮೇಲೂ ಸುಸ್ತು.

ಇನ್ನು ನಿದ್ದೆ. ಹಗಲು ಸವೆದ ಸ್ನಾಯು ರಿಪೇರಿಯಾಗಲು ಒಳ್ಳೆಯ ನಿದ್ದೆ ನೆರವಾಗುತ್ತದೆ. ನಿದ್ದೆ ಕೆಟ್ಟರೆ ಆ ಕೆಲಸ ಕುಂಟುತ್ತದೆ. ಬೆಳಗ್ಗೆ ಎದ್ದಾಗಲೇ ಸುಸ್ತು. ನಡೆಯಲು ಮನಸ್ಸಿಲ್ಲ, ಊಟ ಬೇಡ, ಮಧ್ಯಾಹ್ನ ಎರಡು ಗಂಟೆ ಮಲಗುವುದು, ರಾತ್ರಿ ಮತ್ತೆ ಕಣ್ಣು ಬಿಟ್ಟುಕೊಂಡೇ ಇರುವುದು. ಹಗ್ಗದ ಎರಡು ಎಳೆ ಹೊಸೆದುಕೊಂಡ ಹಾಗೆ. ಅದಕ್ಕೇ ನಿದ್ದೆಗೊಂದು ಮಾತ್ರೆ, ಶಕ್ತಿಗೊಂದು ಟಾನಿಕ್ ಅಂತ ಬೇರೆ ಬೇರೆ ಹುಡುಕಿದರೆ ಕೆಲಸ ಆಗುವುದಿಲ್ಲ. ಎರಡನ್ನೂ ಒಟ್ಟಿಗೇ ಹಿಡಿಯಬೇಕು.

ಹೆಜ್ಜೆ 1: ಒಂದು ನೋಟ್‌ಬುಕ್ ಇಡಿ, ಮೊದಲ ಅಳತೆ ಬರೆಯಿರಿ

ಡಯಾಲಿಸಿಸ್ ಇಲ್ಲದ ದಿನ, ಸ್ವಲ್ಪ ಲವಲವಿಕೆ ಇರುವ ಹೊತ್ತಿನಲ್ಲಿ ಕುರ್ಚಿ ಪರೀಕ್ಷೆ ಮಾಡಿ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು ಪೂರ್ತಿ ಎದ್ದು ನಿಲ್ಲಿ, ಪೂರ್ತಿ ಕೂತುಕೊಳ್ಳಿ. ಹೀಗೆ ಐದು ಸಲ. ಯಾರಾದರೂ ಪಕ್ಕದಲ್ಲೇ ನಿಂತು ಸಮಯ ನೋಡಲಿ. ಏಷ್ಯಾದವರಿಗಾಗಿ 2019ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಸ್ನಾಯುವಿನ ಕಡೆ ಗಮನ ಕೊಡಬೇಕು. ಕೈ ಊರದೆ ಒಂದು ಸಲವೂ ಏಳಲು ಆಗದಿದ್ದರೆ ಅದನ್ನೇ ಬರೆಯಿರಿ, ಅದೂ ಒಂದು ಅಳತೆಯೇ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ಮೀನಖಂಡದ ಸುತ್ತಳತೆಯನ್ನೂ ನೋಡಿ. ಅತಿ ದಪ್ಪ ಇರುವ ಕಡೆ ಟೇಪ್ ಸುತ್ತಿ. ಅದೇ ಮಾನದಂಡದಲ್ಲಿ ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಎಚ್ಚರಿಕೆ. ಕಾಲಿನಲ್ಲಿ ಊತ ಇದ್ದರೆ ಈ ಅಳತೆ ಮೋಸ ಮಾಡುತ್ತದೆ. ಹಾಗಾಗಿ ಡಯಾಲಿಸಿಸ್ ಮುಗಿದ ಮೇಲೆ, ಪ್ರತಿ ಸಲ ಅದೇ ಹೊತ್ತಿಗೆ ಅಳೆಯಿರಿ.

ಇದರ ಜೊತೆ ಒಂದು ಪ್ರಶ್ನೆ: ಡಯಾಲಿಸಿಸ್ ಮುಗಿದ ಮೇಲೆ ಮತ್ತೆ ಸರಿ ಅನ್ನಿಸಲು ಎಷ್ಟು ಹೊತ್ತು ಬೇಕಾಗುತ್ತದೆ? ಎರಡು ಗಂಟೆಯೋ, ಮಾರನೇ ದಿನದವರೆಗೋ? ಪ್ರತಿ ವಾರ ಒಂದು ಸಲ ಇದನ್ನು ಬರೆಯಿರಿ. ಡಾಕ್ಟರಿಗೆ ಇದು ತುಂಬ ಉಪಯೋಗಕ್ಕೆ ಬರುವ ಮಾಹಿತಿ.

ಹೆಜ್ಜೆ 2: ನಿದ್ದೆ ಕೆಡಿಸುತ್ತಿರುವುದು ಯಾವುದು ಅಂತ ಪತ್ತೆ ಮಾಡಿ

"ನಿದ್ದೆ ಬರ್ತಿಲ್ಲ" ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಒಂದು ವಾರ ಬರೆಯಿರಿ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಸಲ ಎದ್ದಿರಿ, ಎದ್ದಾಗ ಏನಾಗುತ್ತಿತ್ತು, ಹಗಲು ಎಷ್ಟು ಮಲಗಿದಿರಿ. ಇದರಲ್ಲಿ "ಎದ್ದಾಗ ಏನಾಗುತ್ತಿತ್ತು" ಅನ್ನುವುದೇ ಮುಖ್ಯ.

ಕಾಲಲ್ಲಿ ಏನೋ ಹರಿದಾಡಿದ ಹಾಗೆ, ಅಲುಗಾಡಿಸಲೇಬೇಕು ಅನ್ನಿಸುತ್ತದೆಯೇ? ಮಲಗಿದಾಗ, ಕೂತಾಗ ಜಾಸ್ತಿಯಾಗಿ, ಎದ್ದು ನಡೆದರೆ ಕಡಿಮೆಯಾಗುತ್ತದೆಯೇ? ಸಂಜೆ, ರಾತ್ರಿಯೇ ಬರುತ್ತದೆಯೇ? ಹೌದಾದರೆ ಇದು ರೆಸ್ಟ್‌ಲೆಸ್ ಲೆಗ್ಸ್ ಅನ್ನುವ ತೊಂದರೆ ಇರಬಹುದು. ಡಯಾಲಿಸಿಸ್‌ನಲ್ಲಿ ಇರುವವರಿಗೆ ಇದು ಬೇರೆಯವರಿಗಿಂತ ತುಂಬ ಜಾಸ್ತಿ. ಅಪ್ಪ ರಾತ್ರಿ ನಡೆಯುತ್ತಿದ್ದದ್ದು ಇದಕ್ಕೇ. ಅವರ ಹಾಸಿಗೆಯ ಹೊದಿಕೆ ಕಾಲಿನ ಕಡೆ ಮಾತ್ರ ಉಜ್ಜಿ ಉಜ್ಜಿ ತೆಳ್ಳಗಾಗಿತ್ತು. ಕಬ್ಬಿಣದ ಕೊರತೆಯಿಂದ ಇದು ಹೆಚ್ಚಾಗುತ್ತದೆ, ಆದ್ದರಿಂದ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಅನ್ನುವ ಕಬ್ಬಿಣದ ರಕ್ತಪರೀಕ್ಷೆಗಳನ್ನು ಮಾಡಿಸಿ. ಇನ್ನೊಂದು ವಿಷಯ ನೆನಪಿಡಿ. ನಿದ್ದೆ ಬರಲಿ ಅಂತ ತಗೊಳ್ಳುವ ಕೆಲವು ಅಲರ್ಜಿ ಮಾತ್ರೆಗಳು, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಕೆಲವು ಖಿನ್ನತೆಯ ಔಷಧಿಗಳು ಈ ಚಡಪಡಿಕೆಯನ್ನು ಕೆರಳಿಸುತ್ತವೆ. ನೀವು ತಗೊಳ್ಳುವ ಎಲ್ಲ ಮಾತ್ರೆಯ ಪಟ್ಟಿ ಡಾಕ್ಟರ ಮುಂದಿಡಿ.

ಗೊರಕೆ ಜೋರಾಗಿದ್ದು, ನಡುವೆ ಉಸಿರು ನಿಂತ ಹಾಗಾಗಿ, ಆಮೇಲೆ ಬೆಚ್ಚಿ ಉಸಿರೆಳೆದುಕೊಳ್ಳುತ್ತಾರಾ? ಇದು ಮಲಗಿದವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಇರುವವರು ಹೇಳಬೇಕು. ಹಗಲು ಕಾಲಿನಲ್ಲಿ ಸೇರಿದ ನೀರು ಮಲಗಿದಾಗ ಕುತ್ತಿಗೆ ಕಡೆಗೆ ಸರಿದು ಉಸಿರಿನ ದಾರಿಯನ್ನು ಕಿರಿದು ಮಾಡುತ್ತದೆ. ಸ್ಲೀಪ್ ಅಪ್ನಿಯಾ ಅನ್ನುತ್ತಾರೆ. ಇದಕ್ಕೆ ನಿದ್ದೆಯ ಪರೀಕ್ಷೆ ಇದೆ, ಮೂಗಿಗೆ ಹಾಕುವ ಸಿಪ್ಯಾಪ್ ಯಂತ್ರ ಇದೆ. ಇಂಥವರು ನಿದ್ದೆ ಮಾತ್ರೆ ತಗೊಂಡರೆ ಉಸಿರಾಟ ಇನ್ನೂ ಮಂದವಾಗಬಹುದು. ರಾತ್ರಿಯಿಡೀ ನಿಧಾನವಾಗಿ ಮಾಡುವ ಡಯಾಲಿಸಿಸ್‌ಗೆ ಬದಲಾದವರಲ್ಲಿ ಈ ತೊಂದರೆ ಚೆನ್ನಾಗಿ ಕಡಿಮೆಯಾದದ್ದನ್ನು 2001ರಲ್ಲೇ ವರದಿ ಮಾಡಿದ್ದಾರೆ. ನಿಮಗೆ ಆ ಸೌಲಭ್ಯ ಸಿಗುತ್ತದಾ ಅಂತ ಕೇಳಿ ನೋಡಿ.

ತುರಿಕೆಯಿಂದ ಎಚ್ಚರವಾಗುತ್ತದಾ? ಒಣ ಚರ್ಮಕ್ಕೆ ವಾಸನೆ ಇಲ್ಲದ ಮಾಯಿಶ್ಚರೈಸರ್ ಅನ್ನು ಸ್ನಾನ ಆದ ಕೂಡಲೇ ಹಚ್ಚಿ, ತುಂಬ ಬಿಸಿ ನೀರು ಬೇಡ. ರಕ್ತದಲ್ಲಿ ರಂಜಕ (ಫಾಸ್ಫರಸ್) ಹತೋಟಿಯಲ್ಲಿದೆಯಾ, ಡಯಾಲಿಸಿಸ್ ಸಾಕಷ್ಟು ಆಗುತ್ತಿದೆಯಾ ನೋಡಿಸಿ. "ಕಿಡ್ನಿ ತೊಂದರೆ ಇದ್ದವರಿಗೆ ತುರಿಕೆ ಸಹಜ" ಅಂತ ಸಹಿಸಿಕೊಂಡು ಸುಮ್ನೆ ಇರಬೇಡಿ, ಔಷಧಿಗಳಿವೆ.

ಸ್ನಾಯು ಸೆಳೆತ ಬಂದು ಎದ್ದರೆ ಅದು ಡಯಾಲಿಸಿಸ್ ಆದ ರಾತ್ರಿಯೇ ಬರುತ್ತದಾ ಅಂತ ಗುರುತು ಹಾಕಿ. ಆ ದಿನ ಎಷ್ಟು ಲೀಟರ್ ನೀರು ತೆಗೆದರು ಅಂತಲೂ ಪಕ್ಕದಲ್ಲಿ ಬರೆಯಿರಿ. ಜಾಸ್ತಿ ನೀರನ್ನು ಬೇಗ ಬೇಗ ತೆಗೆದರೆ ಸೆಳೆತ ಬರುತ್ತದೆ.

ಇದ್ಯಾವುದೂ ಇಲ್ಲದೆ, ಚಾವಣಿ ನೋಡುತ್ತಾ ಯೋಚನೆಯಲ್ಲೇ ಬೆಳಗಾಗುತ್ತಿದ್ದರೆ ಅದನ್ನೂ ಹೇಳಿ. ಖಿನ್ನತೆ ಡಯಾಲಿಸಿಸ್‌ನವರಲ್ಲಿ ಸಾಮಾನ್ಯ. ಅದಕ್ಕೂ ಚಿಕಿತ್ಸೆ ಇದೆ.

ಹೆಜ್ಜೆ 3: ಡ್ರೈ ವೇಟ್ ಮತ್ತೆ ನೋಡಿ ಅಂತ ಕೇಳಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗ ಇರಬೇಕಾದ ತೂಕವೇ ಡ್ರೈ ವೇಟ್. ಪ್ರತಿ ಸಲ ಎಷ್ಟು ನೀರು ತೆಗೆಯಬೇಕು ಅಂತ ಲೆಕ್ಕ ಹಾಕುವುದು ಇದರ ಮೇಲೆ. ಎರಡೂವರೆ ಕಿಲೋ ಸ್ನಾಯು ಕರಗಿದ ಮೇಲೂ ಹಳೆಯ ಡ್ರೈ ವೇಟ್ ಹಾಗೇ ಉಳಿದರೆ, ಎರಡೂವರೆ ಲೀಟರ್ ನೀರು ಮೈಯಲ್ಲೇ ಉಳಿಯುತ್ತದೆ. ಬಿಪಿ ಏರುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ನಿದ್ದೆ ಹಾಳಾಗುತ್ತದೆ. ಅಪ್ಪನಿಗೆ ಆದದ್ದು ಇದೇ. ಗಡಿಯಾರದ ಕಥೆ ಹೇಳಿ, ರಾತ್ರಿ ಎರಡು ದಿಂಬು ಬೇಕಾಗುತ್ತಿದೆ ಅಂದ ಮೇಲೆ ಡಾಕ್ಟರು ಪರೀಕ್ಷೆ ಮಾಡಿ 58ರಿಂದ ಸ್ವಲ್ಪ ಸ್ವಲ್ಪವೇ ಇಳಿಸಿದರು. ಕೆಲವು ವಾರದಲ್ಲಿ ಒಂದೇ ದಿಂಬಿಗೆ ಬಂದರು.

ಕೇಳುವುದು ಹೀಗೆ: "ಡಾಕ್ಟ್ರೇ, ತೂಕ ಅಷ್ಟೇ ಇದೆ, ಆದರೆ ತೋಳು, ತೊಡೆ ಸಣ್ಣಗಾಗಿದೆ. ಡ್ರೈ ವೇಟ್ ಒಂದು ಸಲ ನೋಡ್ತೀರಾ?" ಅಷ್ಟು ಸಾಕು. ಚೆನ್ನಾಗಿ ಊಟ ಸೇರಿ ಮೈ ತುಂಬಿಕೊಂಡರೆ ಇದು ಉಲ್ಟಾ ಆಗುತ್ತದೆ. ಆಗ ಡ್ರೈ ವೇಟ್ ಏರಿಸಬೇಕು. ಏರಿಸದಿದ್ದರೆ ಬೇಕಾದ ನೀರನ್ನೂ ತೆಗೆದು ಸೆಳೆತ, ತಲೆಸುತ್ತು ಬರುತ್ತವೆ. ತೂಕದ ಯಂತ್ರದಲ್ಲಿ ಏನು ಬಂತು ಅನ್ನುವುದರ ಜೊತೆ ಊತ, ಬಿಪಿ, ಉಸಿರು ಹೇಗಿದೆ ಅನ್ನುವುದನ್ನೂ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ.

ನೀರು ಕಡಿಮೆ ಸೇರಬೇಕಾದರೆ ಮೊದಲು ಉಪ್ಪು ಕಡಿಮೆಯಾಗಬೇಕು. ಉಪ್ಪು ತಿಂದು ಬಾಯಾರಿಕೆ ತಡಕೊಳ್ಳಿ ಅಂದರೆ ಯಾರಿಂದಲೂ ಆಗದ ಮಾತು. ಎಲ್ಲ ಸೇರಿ ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು ದಾಟದ ಹಾಗೆ ನೋಡಿಕೊಳ್ಳಿ. ಸೋಡಿಯಂ ಕಡಿಮೆ ಅಂತ ಮಾರುವ ಬದಲಿ ಉಪ್ಪನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಡಯಾಲಿಸಿಸ್‌ನವರ ಹೃದಯಕ್ಕೆ ಅಪಾಯ.

ಹೆಜ್ಜೆ 4: ಊಟದ ಹಳೆಯ ಪಥ್ಯ ಬಿಡಿ

ತುಂಬ ಮನೆಗಳಲ್ಲಿ ಇಲ್ಲೇ ಎಡವುವುದು. ಡಯಾಲಿಸಿಸ್‌ಗೆ ಮುಂಚೆ "ಪ್ರೋಟೀನ್ ಕಡಿಮೆ ಮಾಡಿ" ಅಂತ ಹೇಳಿರುತ್ತಾರೆ. ಆಗ ಅದು ಸರಿ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ಆದರೆ ಅಡುಗೆ ಮಾಡುವವರ ಮನಸ್ಸಿನಲ್ಲಿ ಹಳೆಯ ಮಾತೇ ಕೂತಿರುತ್ತದೆ. ಅಕ್ಕರೆಯಿಂದಲೇ ಮೊಟ್ಟೆ ತಟ್ಟೆಯಿಂದ ತೆಗೆದಿಡುತ್ತಾರೆ. ನಾನೂ ಎಷ್ಟೋ ತಿಂಗಳು ಹಾಗೇ ತೆಗೆದಿಟ್ಟಿದ್ದೆ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

2020ರ ಅಮೆರಿಕದ ಪೌಷ್ಟಿಕ ಮಾರ್ಗಸೂಚಿಯ ಪ್ರಕಾರ ಡಯಾಲಿಸಿಸ್‌ನವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕು, 25ರಿಂದ 35 ಕ್ಯಾಲೊರಿ ಬೇಕು. 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ ಪ್ರೋಟೀನ್, 1500ರಿಂದ 2100 ಕ್ಯಾಲೊರಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಬೇಯಿಸಿದ ಮೀನು ಅಥವಾ ಕೋಳಿ 100 ಗ್ರಾಂಗೆ 20ರಿಂದ 30 ಗ್ರಾಂ. ಬೇಯಿಸಿದ ಬೇಳೆಕಾಳು 100 ಗ್ರಾಂಗೆ 8-9 ಗ್ರಾಂ. ಅಂದರೆ ಒಂದು ಮೊಟ್ಟೆ ತಿಂದು "ಪ್ರೋಟೀನ್ ಆಯ್ತು" ಅನ್ನುವ ಹಾಗಿಲ್ಲ. ಮೂರು ಹೊತ್ತಿಗೂ ಹಂಚಬೇಕು. ಕ್ಯಾಲೊರಿ ಸಾಲದೆ ಹೋದರೆ ತಿಂದ ಪ್ರೋಟೀನನ್ನೇ ದೇಹ ಸೌದೆಯ ಹಾಗೆ ಉರಿಸಿಬಿಡುತ್ತದೆ, ಸ್ನಾಯುವಿಗೆ ಏನೂ ಉಳಿಯುವುದಿಲ್ಲ.

ರಂಜಕದ ಭಯ ಇರುತ್ತದೆ, ಅದು ನ್ಯಾಯವೇ. ಮೊಟ್ಟೆಯ ಬಿಳಿಭಾಗದಲ್ಲಿ ರಂಜಕ ತುಂಬ ಕಡಿಮೆ. ಮಾಂಸವನ್ನು ಬೇಯಿಸಿ ನೀರು ಬಸಿದರೆ ಒಂದಷ್ಟು ರಂಜಕ ಹೋಗುತ್ತದೆ. ಬೇಳೆಕಾಳಿನ ರಂಜಕ ಪೂರ್ತಿ ಮೈಗೆ ಹತ್ತುವುದಿಲ್ಲ. ಪ್ಯಾಕೆಟ್ ತಿಂಡಿ, ಸಂಸ್ಕರಿಸಿದ ಮಾಂಸ, ಕಪ್ಪು ಕೋಲಾಗಳಿಗೆ ಸೇರಿಸುವ ಫಾಸ್ಫೇಟ್ ಮಾತ್ರ ಹೆಚ್ಚುಕಡಿಮೆ ಎಲ್ಲವೂ ರಕ್ತಕ್ಕೆ ಸೇರುತ್ತದೆ. ಬಿಡುವುದಾದರೆ ಮೊದಲು ಅವನ್ನು ಬಿಡಿ. ರಂಜಕ ತಗ್ಗಿಸುವ ಮಾತ್ರೆ ಕೊಟ್ಟಿದ್ದರೆ ಅದನ್ನು ಊಟದ ಜೊತೆಗೇ ತಗೊಳ್ಳಬೇಕು. ಊಟ ಆಗಿ ಎರಡು ಗಂಟೆ ಬಿಟ್ಟು ನುಂಗಿದರೆ ಪ್ರಯೋಜನವಿಲ್ಲ.

ಡಯಾಲಿಸಿಸ್ ದಿನ ಊಟ ತಪ್ಪುವುದು ದೊಡ್ಡ ನಷ್ಟ. ವಾರದಲ್ಲಿ ಮೂರು ದಿನ ಅರ್ಧ ಹೊಟ್ಟೆ, ಅದೂ ಅಮೈನೋ ಆಮ್ಲ ಸೋರುವ ದಿನವೇ. ಕುರ್ಚಿಯಲ್ಲಿ ಕೂತಾಗ ಏನಾದರೂ ತಿನ್ನಬಹುದಾ ಅಂತ ಕೇಳಿ. ಕೆಲವರಿಗೆ ತಿಂದರೆ ಬಿಪಿ ಇಳಿಯುತ್ತದೆ, ಅವರು ಹೋಗುವ ಮುಂಚೆ ಅಥವಾ ಬಂದ ಮೇಲೆ ತಿನ್ನಲಿ. ಪ್ರೋಟೀನ್ ಪುಡಿಗಳನ್ನು ಡಯೆಟಿಷಿಯನ್ ನೋಡಿ ಹೇಳಿದ ಮೇಲೆ ತಗೊಳ್ಳಿ, ಕೆಲವದರಲ್ಲಿ ಪೊಟ್ಯಾಸಿಯಂ, ರಂಜಕ ಜಾಸ್ತಿ ಇರುತ್ತದೆ.

ಹೆಜ್ಜೆ 5: ಸ್ನಾಯುವಿಗೆ ಕೆಲಸ ಕೊಡಿ

ತಿಂದದ್ದು ಸ್ನಾಯುವಾಗಬೇಕಾದರೆ ಸ್ನಾಯು ದುಡಿಯಬೇಕು. ಮೊದಲು ಡಾಕ್ಟರ ಒಪ್ಪಿಗೆ ತಗೊಳ್ಳಿ. ಇಟಲಿಯಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡಯಾಲಿಸಿಸ್‌ನವರಿಗೆ ಮನೆಯಲ್ಲೇ ಹತ್ತತ್ತು ನಿಮಿಷದ ನಡಿಗೆ ಕೊಟ್ಟಿದ್ದರು. ಆರು ತಿಂಗಳ ನಂತರ ಆರು ನಿಮಿಷದಲ್ಲಿ ಅವರು ನಡೆಯುವ ದೂರ ಹೆಚ್ಚಾಗಿತ್ತು. ಜಿಮ್ಮು ಬೇಕಿಲ್ಲ.

ಡಯಾಲಿಸಿಸ್ ಇಲ್ಲದ ದಿನ ಬೆಳಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ನಡೆಯಿರಿ. ಮಾತಾಡುತ್ತಾ ನಡೆಯಲು ಆಗುವಷ್ಟು ವೇಗ ಸಾಕು. ಪ್ರತಿ ವಾರ ಒಂದೆರಡು ನಿಮಿಷ ಏರಿಸಿ. ವಾರದಲ್ಲಿ ಎರಡು ಮೂರು ದಿನ ಬಲದ ವ್ಯಾಯಾಮ ಸೇರಿಸಿ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಕೂತು ಕಾಲು ನೇರ ಚಾಚಿ ಐದು ಎಣಿಸುವುದು. ಹತ್ತು ಸಲ ಆಗದಿದ್ದರೆ ನಾಲ್ಕು ಸಲದಿಂದ ಶುರು ಮಾಡಿ.

ಡಯಾಲಿಸಿಸ್ ನಡೆಯುವಾಗಲೂ ಸೂಜಿ ಇಲ್ಲದ ಕೈ, ಎರಡೂ ಕಾಲು ಆಡಿಸಬಹುದು. ಮೊದಲ ಎರಡು ಗಂಟೆಯೊಳಗೆ ಮಾಡುವುದು ಒಳ್ಳೆಯದು, ಆಮೇಲೆ ಬಿಪಿ ಇಳಿಯುವ ಸಾಧ್ಯತೆ ಜಾಸ್ತಿ. ಟೆಕ್ನಿಷಿಯನ್‌ಗೆ ಹೇಳಿಯೇ ಶುರು ಮಾಡಿ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಯಲ್ಲಿ ಭಾರ ಎತ್ತಬೇಡಿ, ಬಿಗಿಯಾದ ಗಡಿಯಾರವನ್ನೂ ಕಟ್ಟಬೇಡಿ. ಬೇರೆ ದಿನ ಮೆತ್ತನೆಯ ಚೆಂಡು ಹಿಸುಕುವುದು ಆ ಕೈಗೂ ಒಳ್ಳೆಯದೇ.

ಜ್ವರ, ಎದೆನೋವು, ಉಸಿರಾಟದ ಕಷ್ಟ ಇದ್ದ ದಿನ, ಡಯಾಲಿಸಿಸ್ ತಪ್ಪಿಸಿಕೊಂಡ ದಿನ ವ್ಯಾಯಾಮ ಬೇಡ.

ಹೆಜ್ಜೆ 6: ಹಗಲನ್ನು ಸರಿ ಮಾಡಿದರೆ ರಾತ್ರಿ ಸರಿಯಾಗುತ್ತದೆ

ಏಳುವ ಹೊತ್ತು ಪ್ರತಿ ದಿನ ಒಂದೇ ಇರಲಿ. ಬೆಳಗ್ಗೆ ಬಯಲಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಇರಿ. ಹಗಲು ನಿದ್ದೆ ಅರ್ಧ ಗಂಟೆ ಮೀರದಿರಲಿ, ಮಧ್ಯಾಹ್ನ ಮೂರರ ನಂತರ ಬೇಡ. ಕುರ್ಚಿಯಲ್ಲಿ ನಾಲ್ಕೂ ಗಂಟೆ ನಿದ್ದೆ ಹೊಡೆದರೆ ರಾತ್ರಿಯ ಪಾಲಿನದು ಅಲ್ಲೇ ಮುಗಿದಿರುತ್ತದೆ. ಮೊದಲ ಅರ್ಧ ಗಂಟೆ ಮಲಗಿ, ಆಮೇಲೆ ಮಾತು, ರೇಡಿಯೋ, ಕಾಲಿನ ವ್ಯಾಯಾಮ. ಮಧ್ಯಾಹ್ನದ ನಂತರ ಕಾಫಿ, ಟೀ ಬಿಡಿ. ಬೆಳಗಿನ ಜಾವದ ಪಾಳಿಯಿಂದ ನಿದ್ದೆ ಹರಿದುಹೋಗುತ್ತಿದ್ದರೆ ಪಾಳಿ ಬದಲಿಸಲು ಆಗುತ್ತದಾ ಕೇಳಿ. ಕೇಳಿದರೆ ತಪ್ಪೇನಿಲ್ಲ.

ನಿದ್ದೆ ಮಾತ್ರೆ, ನರನೋವಿನ ಮಾತ್ರೆಗಳನ್ನು ನೀವಾಗಿಯೇ ತಗೊಳ್ಳಬೇಡಿ. ಗಾಬಾಪೆಂಟಿನ್, ಪ್ರಿಗಾಬಲಿನ್ ಮೈಯಿಂದ ಹೊರಹೋಗುವುದು ಕಿಡ್ನಿಯ ಮೂಲಕ. ಬೇರೆಯವರ ಡೋಸ್ ಡಯಾಲಿಸಿಸ್‌ನವರಿಗೆ ಕೊಟ್ಟರೆ ಮಂಪರು, ಗೊಂದಲ, ಮೈ ಅದುರುವಿಕೆ, ಬೀಳುವುದು ಎಲ್ಲ ಆಗುತ್ತದೆ. ಸೆಳೆತಕ್ಕೆ ಅಂತ ಮೆಗ್ನೀಸಿಯಂ ಮಾತ್ರೆಯೂ ಬೇಡ, ಅದು ಮೈಯಲ್ಲೇ ಉಳಿದುಬಿಡುತ್ತದೆ.

ಹೆಜ್ಜೆ 7: ರಕ್ತದ ವರದಿಯಲ್ಲಿ ಇವನ್ನು ಕೇಳಿ

ಬೈಕಾರ್ಬೊನೇಟ್ ಎಷ್ಟಿದೆ? 22ಕ್ಕಿಂತ ಕಮ್ಮಿ ಇದ್ದರೆ ಆಮ್ಲ ಜಾಸ್ತಿ ಅಂತ ಅರ್ಥ, ಅದನ್ನು ಸರಿಪಡಿಸಬಹುದು. ಡಯಾಲಿಸಿಸ್ ಸಾಕಷ್ಟು ಆಗುತ್ತಿದೆಯಾ ಅಂತ ನೋಡುವ ಕೆಟಿ/ವಿ ಅಳತೆ ವಾರಕ್ಕೆ ಮೂರು ಸಲ ಮಾಡುವವರಿಗೆ ಪ್ರತಿ ಸಲಕ್ಕೆ ಕನಿಷ್ಠ 1.2 ಇರಬೇಕು. ರಕ್ತದಲ್ಲಿರುವ ಪ್ರೋಟೀನ್ ಆದ ಅಲ್ಬುಮಿನ್ ಕಮ್ಮಿ ಇದ್ದರೆ ಊಟದ ಜೊತೆಗೆ ಸೋಂಕನ್ನೂ ಹುಡುಕಿಸಿ. ಹುಳುಕು ಹಲ್ಲು, ವಸಡಿನ ಕೀವು, ಕ್ಯಾಥೆಟರ್ ಸೋಂಕು ಒಳಗೊಳಗೇ ಸ್ನಾಯು ತಿನ್ನುತ್ತವೆ.

ಕ್ರಿಯೇಟಿನಿನ್ ಬಗ್ಗೆ ಒಂದು ಮಾತು. ಡಯಾಲಿಸಿಸ್‌ಗೆ ಮುಂಚಿನ ರಕ್ತದಲ್ಲಿ ಅದು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ನಾವು ಖುಷಿಪಡುತ್ತೇವೆ. ಆದರೆ ಕ್ರಿಯೇಟಿನಿನ್ ಹುಟ್ಟುವುದೇ ಸ್ನಾಯುವಿನಲ್ಲಿ. ಡಯಾಲಿಸಿಸ್‌ನಲ್ಲಿ ಏನೂ ಬದಲಾಗದೆ ಅದು ಇಳಿಯುತ್ತಿದ್ದರೆ ಸ್ನಾಯು ಕಮ್ಮಿಯಾಗುತ್ತಿರಬಹುದು. ಕಳೆದ ಆರು ತಿಂಗಳ ವರದಿಗಳನ್ನು ಸಾಲಾಗಿ ಇಟ್ಟು ನೋಡಿ, ಡಾಕ್ಟರಿಗೂ ತೋರಿಸಿ.

ಕಾಯದೆ ಓಡಬೇಕಾದ ಸಂದರ್ಭ

ಸ್ನಾಯು ಕರಗುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಒಂದೇ ದಿನದಲ್ಲಿ ಕೈಕಾಲು ಸೋತು ಏಳಲು ಆಗದಿದ್ದರೆ, ಅದರಲ್ಲೂ ಡಯಾಲಿಸಿಸ್ ತಪ್ಪಿದ್ದರೆ, ಪೊಟ್ಯಾಸಿಯಂ ಏರಿರಬಹುದು. ಆಗ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎದೆನೋವು, ಮಲಗಲಾಗದಷ್ಟು ಏದುಸಿರು, ಮಾತಿನಲ್ಲಿ ಗೊಂದಲ, ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೂ ಅಷ್ಟೇ.

ಮೂರು ತಿಂಗಳ ನಂತರ

ಕುರ್ಚಿ ಪರೀಕ್ಷೆ, ಮೀನಖಂಡ, ನಿದ್ದೆಯ ಒಂದು ವಾರದ ಲೆಕ್ಕವನ್ನು ಮೊದಲಿನ ಹಾಗೇ ಮತ್ತೆ ಮಾಡಿ, ಹಳೆಯ ಪುಟದ ಪಕ್ಕದಲ್ಲಿ ಬರೆಯಿರಿ. ಏನೂ ಬದಲಾಗದಿದ್ದರೆ ಫಿಸಿಯೋಥೆರಪಿಸ್ಟ್ ಮತ್ತು ಡಯೆಟಿಷಿಯನ್ ಹತ್ತಿರ ಕಳಿಸಿ ಅಂತ ಡಾಕ್ಟರನ್ನು ಕೇಳಿ. ಹೋಗುವಾಗ ನೋಟ್‌ಬುಕ್ ಜೊತೆಗೇ ಒಯ್ಯಿರಿ. ಅಪ್ಪನ ಮೊದಲ ಪುಟದಲ್ಲಿ "ಐದು ಸಲ, 19 ಸೆಕೆಂಡ್" ಅಂತ ಇದೆ. ಮೂರು ತಿಂಗಳ ನಂತರದ ಪುಟದಲ್ಲಿ 15. ಅದರ ಕೆಳಗೆ ಅವರದೇ ಅಕ್ಷರದಲ್ಲಿ "ರಾತ್ರಿ ಒಂದೇ ಸಲ ಎದ್ದೆ" ಅಂತ ಬರೆದಿದ್ದಾರೆ.